ಮೂರು ಬಾಟಲಿ ನೀರು, ಎರಡು ಸಿರಿಂಜ್

ಅಕ್ಕನ ಮಗಳು ಏಪ್ರಿಲ್ ಕೊನೆಗೆ ಶಿರಸಿಯಿಂದ ಕಾರವಾರಕ್ಕೆ ರಜೆಗೆ ಬಂದಳು. ಬರುವಾಗ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕವನ್ನೂ ತಂದಿದ್ದಳು. ಶಾಲೆ ಶುರುವಾಗುವ ಮೊದಲೇ ಪಾಠ ಓದುವ ಜಾತಿ ಅವಳದು. ನಮ್ಮ ಮನೆಯಲ್ಲಿ ಹಿಂದೆ ಯಾರೂ ಹಾಗೆ ಇರಲಿಲ್ಲ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಒಂದು ಸಂಜೆ ಪಂಪ್ ಬಿಚ್ಚುತ್ತ ಕೂತಿದ್ದೆ. ಕೂಸು ಪುಸ್ತಕ ಹಿಡಿದು ಎದುರಿಗೆ ಬಂದು ನಿಂತಳು. "ಮಾವ, ಸಮುದ್ರದ ನೀರಲ್ಲಿ ನೀರು ಮತ್ತು ಉಪ್ಪು ಸೇರಿದೆ, ಅದು ಮಿಶ್ರಣ. ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಸೇರಿದೆ, ಅದು ಸಂಯುಕ್ತ. ಎರಡೂ ಕಡೆ ಸೇರಿದೆ ಅಂತಲೇ ಇದೆಯಲ್ಲ. ಹಾಗಾದ್ರೆ ವ್ಯತ್ಯಾಸ ಏನು?"

ಸೋಡಿಯಂ, ಕ್ಲೋರಿನ್‌ನಂಥ ಧಾತುವಿಗೆ ನಾನು ಓದುವಾಗ ಮೂಲವಸ್ತು ಅನ್ನುತ್ತಿದ್ದರು. ವ್ಯಾಖ್ಯೆ ಬಾಯಿಪಾಠ ಇತ್ತು, ಈಗಲೂ ಇದೆ. ಅದನ್ನೇ ಹೇಳಿದೆ. ಅವಳು "ಅದು ಪುಸ್ತಕದಲ್ಲೇ ಇದೆ" ಅಂದಳು. ಸರಿ, ಬಿಚ್ಚಿ ನೋಡೋಣ ಅಂದೆ. ಪಂಪ್ ಆಗಲಿ ನೀರಾಗಲಿ, ನನಗೆ ಗೊತ್ತಿರುವ ದಾರಿ ಅದೊಂದೇ.

ಮೊದಲು ನೀರು ಬೇಕಿತ್ತು. ಮೂರು ಕಡೆಯಿಂದ ತಂದೆವು. ಒಂದನೇ ಬಾಟಲಿಯನ್ನು ದೋಣಿಗೆ ಹೋಗುವ ಗೆಳೆಯ ಕೂರ್ಮಗಡದ ಆಚೆಯಿಂದ ತುಂಬಿ ತಂದ. ಎರಡನೆಯದು ಟಾಗೋರ್ ಬೀಚಿನದು. ಮೂರನೆಯದು ಕೋಡಿಬಾಗದ ಹತ್ತಿರ, ಕಾಳಿ ನದಿ ಸಮುದ್ರ ಸೇರುವ ಅಳಿವೆಯಿಂದ, ಇಳಿತದ ಹೊತ್ತಿನಲ್ಲಿ ತುಂಬಿದ್ದು. ಬಾಟಲಿಗಳ ಮೇಲೆ ಅ, ಆ, ಇ ಅಂತ ಮಾರ್ಕರ್‌ನಲ್ಲಿ ಬರೆದಳು. ಮೂರನ್ನೂ ಬಟ್ಟೆಯಲ್ಲಿ ಸೋಸಿದೆವು. ಅಳಿವೆಯ ನೀರು ಮಾತ್ರ ಬಟ್ಟೆಯ ಮೇಲೆ ತೆಳ್ಳಗೆ ಕೆಸರು ಬಿಟ್ಟಿತು. ಬಟ್ಟೆಯಿಂದ ಬೇರೆಯಾದದ್ದು ಅಷ್ಟೇ. ಉಪ್ಪು ಬಟ್ಟೆಗೆ ಕ್ಯಾರೇ ಅನ್ನಲಿಲ್ಲ.

ಇಲ್ಲಿ ಮೊದಲ ತಪ್ಪು ಮಾಡಿದೆ. ಒಂದು ಲೀಟರ್ ನೀರು ಕುದಿಸಿ ಆರಿಸಲು ಆಯಿಯ ಕಬ್ಬಿಣದ ಬಾಣಲೆ ತೆಗೆದುಕೊಂಡೆ. ದೊಡ್ಡದಿದೆ, ಅಗಲ ಇದೆ, ಬೇಗ ಆರುತ್ತದೆ ಅಂತ ಲೆಕ್ಕ. ಸಂಜೆಗೆ ನೋಡಿದರೆ ತಳದಲ್ಲಿ ಇಟ್ಟಿಗೆ ಪುಡಿಯ ಬಣ್ಣದ ಉಪ್ಪು. ಉಪ್ಪುನೀರು, ಗಾಳಿ, ಬಿಸಿ ಮೂರೂ ಸೇರಿ ಬಾಣಲೆಯನ್ನೇ ತಿಂದಿದ್ದವು. ಆಯಿ ಏನೂ ಅನ್ನಲಿಲ್ಲ. ಬಾಣಲೆ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಹೋದರು. ಬೈದಿದ್ದರೇ ಒಳ್ಳೆಯದಿತ್ತು.

ಎರಡನೇ ಸಲ ಸ್ಟೀಲ್ ಪರಾತ. ಮುಕ್ಕಾಲು ಪಾಲು ಒಲೆಯ ಮೇಲೆ ಇಂಗಿಸಿ, ಉಳಿದದ್ದನ್ನು ಮಾಳಿಗೆಯ ಬಿಸಿಲಿಗೆ ಇಟ್ಟೆವು. ಮೇ ತಿಂಗಳ ಕಾರವಾರದ ಬಿಸಿಲಿಗೆ ಬೇರೆ ಒಲೆ ಬೇಕಿಲ್ಲ. ಗಾಳಿಯ ತೇವ ಮಾತ್ರ ಶತ್ರು. ಇಲ್ಲಿ ಒಂದು ವಿಷಯ ಕಣ್ಣಾರೆ ಕಂಡೆವು. ನೀರು ಇಂಗುತ್ತಿದ್ದಂತೆ ಮೊದಲು ಬಿಳಿ ಮಬ್ಬಿನಂಥ ಪುಡಿ ತಳಕ್ಕೆ ಕೂತಿತು. ಅದು ಸುಣ್ಣ ಮತ್ತು ಜಿಪ್ಸಂ ಜಾತಿಯದು. ಬಹುಪಾಲು ನೀರು ಹೋದ ಮೇಲೆ ಉಪ್ಪಿನ ಹರಳು ಮೂಡತೊಡಗಿತು. ವಾಚ್ ರಿಪೇರಿಯವರ ಭೂತಗನ್ನಡಿ ಅಂಗಡಿಯಲ್ಲಿತ್ತು, ಇಟ್ಟು ನೋಡಿದೆವು. ಪುಟ್ಟ ಪುಟ್ಟ ಚೌಕ ಪೆಟ್ಟಿಗೆಗಳು. ಕೆಲವಕ್ಕೆ ಮೇಲ್ಮೈ ಒಳಕ್ಕೆ ಇಳಿದು, ದೇವಸ್ಥಾನದ ಕೆರೆಯ ಮೆಟ್ಟಿಲಿನ ಹಾಗೆ ಕಾಣುತ್ತಿತ್ತು. ಕೊನೆಗೆ ಪರಾತದ ಮೂಲೆಯಲ್ಲಿ ಎಣ್ಣೆಯಂಥ ಸ್ವಲ್ಪ ನೀರು ಉಳಿಯಿತು. ಅದು ಎರಡು ದಿನವಾದರೂ ಆರಲೇ ಇಲ್ಲ. ನಾಲಿಗೆಗೆ ತಾಗಿಸಿದರೆ ಕಹಿ. ಅದು ಮೆಗ್ನೀಸಿಯಂ ಲವಣಗಳ ಕೆಲಸ, ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಅಘನಾಶಿನಿಯ ಅಳಿವೆ ನೀರನ್ನು ಬಿಸಿಲಿಗೆ ಬಿಟ್ಟು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವುದೂ ಇದನ್ನೇ.

ತೂಕ ಮಾಡುವುದು ಇನ್ನೊಂದು ಗೋಳು. ಮೊದಲು ತೂಗಿದಾಗ 41 ಗ್ರಾಂ ಬಂತು. ಕೈಯಲ್ಲಿ ಹಿಡಿದರೆ ಒದ್ದೆ. ಮತ್ತೆ ಸ್ಟೀಲ್ ತಟ್ಟೆಯಲ್ಲಿ ಚೆನ್ನಾಗಿ ಹುರಿದು, ಬಿಗಿ ಮುಚ್ಚಳದ ಡಬ್ಬದಲ್ಲಿ ತಣಿಸಿ, ತಣಿದ ತಕ್ಷಣ ತೂಗಿದೆವು. ಅಡುಗೆಮನೆ ತಕ್ಕಡಿ, 1 ಗ್ರಾಂಗಿಂತ ಸಣ್ಣದು ತೋರಿಸುವುದಿಲ್ಲ. ಲೀಟರಿಗೆ ಅ ಬಾಟಲಿ 36, ಆ 33, ಇ 21. ತೆರೆದ ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಲವಣ ಅಂತ ಪುಸ್ತಕಗಳು ಹೇಳುತ್ತವೆ. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ನಮ್ಮ ಅಡುಗೆಯ ಉಪ್ಪೇ. ಹಾಗಾಗಿ ಅ ಬಾಟಲಿಯ ಬಗ್ಗೆ ನನಗೆ ಸಮಾಧಾನವಾಯಿತು. ಅಳಿವೆಯಲ್ಲಿ ಕಾಳಿಯ ಸಿಹಿನೀರು ಬೆರೆತದ್ದಕ್ಕೆ 21.

ಕೂಸು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಳು. ಮೂರಕ್ಕೂ ಮೂರು ಅಂಕಿ. "ಸಮುದ್ರದ ನೀರು ಅಂದ್ರೆ ಇಷ್ಟೇ ಉಪ್ಪು ಅಂತ ಲೆಕ್ಕ ಇಲ್ವಾ?" ಇಲ್ಲ. ಅಡುಗೆಯಲ್ಲಿ ಸಾರು ಹೇಗೋ ಹಾಗೆ. ಒಬ್ಬರ ಮನೆಯಲ್ಲಿ ಹುಳಿ ಮುಂದು, ಇನ್ನೊಬ್ಬರ ಮನೆಯಲ್ಲಿ ಖಾರ ಮುಂದು. ಎರಡೂ ಸಾರೇ.

ಮುಂದೆ ಬೇಕಿದ್ದದ್ದು ಆ ಮೂರೂ ಬಾಟಲಿಗಳ ಬರೀ ನೀರು. ದೊಡ್ಡ ಪಾತ್ರೆಯಲ್ಲಿ ಸಮುದ್ರದ ನೀರು, ನಡುವೆ ಕಲ್ಲಿನ ಮೇಲೆ ಖಾಲಿ ಬಟ್ಟಲು, ಮೇಲೆ ಮುಚ್ಚಳ ಉಲ್ಟಾ, ಅದರ ಮೇಲೆ ಐಸ್. ಆವಿ ಮುಚ್ಚಳಕ್ಕೆ ತಾಗಿ, ಹನಿಯಾಗಿ, ನಡುವಿನ ಗುಂಡಿಯಿಂದ ಬಟ್ಟಲಿಗೆ ಬೀಳುತ್ತದೆ. ಗ್ಯಾಸ್ ಖರ್ಚಿನ ಮಾತು ಬರುವ ಮೊದಲೇ ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುಂಬಿದೆ. ಒಂದೊಂದಕ್ಕೂ 400 ಮಿಲಿ ಸಿಗುವಷ್ಟರಲ್ಲಿ ಮೂರು ದಿನ ಹೋಯಿತು. ರುಚಿ ನೋಡಿದೆವು. ಮೂರೂ ಒಂದೇ, ಸಪ್ಪೆ.

ಇಲ್ಲಿಯವರೆಗೆ ನಾವು ಬಳಸಿದ್ದು ಬಟ್ಟೆ, ಬಿಸಿಲು, ಬೆಂಕಿ, ಐಸ್ ಅಷ್ಟೇ. ನೀರು ನೀರಾಗಿಯೇ ಹೊರಬಂತು, ಉಪ್ಪು ಉಪ್ಪಾಗಿಯೇ ಉಳಿಯಿತು. ಇನ್ನು ಈ ನೀರನ್ನೇ ಜಲಜನಕ, ಆಮ್ಲಜನಕ ಅಂತ ಒಡೆಯಬೇಕು. ಅದಕ್ಕೆ ಎಷ್ಟು ಕುದಿಸಿದರೂ ಉಪಯೋಗವಿಲ್ಲ, ಆವಿಯೂ ನೀರೇ. ಕರೆಂಟ್ ಬೇಕು. 1800ರಲ್ಲಿ ಇಂಗ್ಲೆಂಡಿನ ನಿಕೋಲ್ಸನ್ ಮತ್ತು ಕಾರ್ಲೈಲ್, ವೋಲ್ಟಾ ಕಂಡುಹಿಡಿದ ಹೊಸ ಬ್ಯಾಟರಿಯ ಸುದ್ದಿ ಕೇಳಿದ್ದೇ ತಡ, ತಾವೂ ಒಂದು ಕಟ್ಟಿ ನೀರಿಗೆ ತಂತಿ ಇಳಿಸಿ ಇದನ್ನೇ ಮಾಡಿದ್ದರು.

ನಮ್ಮ ಸೆಟ್ ಹೀಗೆ. ಸಣ್ಣ ಐಸ್‌ಕ್ರೀಂ ಡಬ್ಬದ ತಳಕ್ಕೆ ಎರಡು ತೂತು. ಎರಡರಲ್ಲೂ ಸ್ಕ್ರೂ, ಮೊನೆ ಮೇಲಕ್ಕೆ, ಸುತ್ತ ಎಪಾಕ್ಸಿ (ಎರಡು ಉಂಡೆ ಸೇರಿಸಿ ನಾದುವ ಅಂಟು) ಮೆತ್ತುವುದು. ಕೆಳಗಿನ ತಲೆಗೆ ಕ್ಲಿಪ್ ಹಾಕಿ ಹಳೆಯ ರೂಟರಿನ 12 ವೋಲ್ಟ್ ಅಡಾಪ್ಟರಿಗೆ ಜೋಡಿಸುವುದು. ಒಂದೊಂದು ಸ್ಕ್ರೂ ಮೇಲೆ ಒಂದೊಂದು 10 ಮಿಲಿ ಸಿರಿಂಜನ್ನು ಬೋರಲು ನಿಲ್ಲಿಸುವುದು, ದಂಡ ತೆಗೆದು, ಸೂಜಿ ಕೂರುವ ತುದಿ ಮುಚ್ಚಿ. ಸಿರಿಂಜಿನ ಲಾಭ ಏನೆಂದರೆ ಗೆರೆ ಮೊದಲೇ ಇದೆ. ಬೋರಲು ಇಟ್ಟಾಗ ಸೊನ್ನೆ ಮೇಲೆ ಬರುತ್ತದೆ, ಗ್ಯಾಸ್ ಮೇಲೆ ಸೇರುತ್ತದೆ, ನೇರವಾಗಿ ಓದಬಹುದು. ಡಬ್ಬದ ನೀರಿನಲ್ಲಿ ಮಲಗಿಸಿ ತುಂಬಿಸಿ, ಬಾಯಿ ನೀರಿನಿಂದ ಹೊರಗೆ ಬರದಂತೆ ನಿಧಾನ ಎತ್ತಿ ನಿಲ್ಲಿಸಿದರೆ ಸಾಕು, ಒಳಗಿನ ನೀರು ಇಳಿಯುವುದಿಲ್ಲ. ಗೋಡೆಯ ಕರೆಂಟಿಗೆ ನೇರ ಜೋಡಿಸುವ ಯೋಚನೆ ಯಾರಿಗೂ ಬೇಡ. ಅಡಾಪ್ಟರ್ ಸಾಕು.

ಮೊದಲು 9 ವೋಲ್ಟಿನ ಬ್ಯಾಟರಿ ಹಾಕಿದ್ದೆ. ಹತ್ತು ನಿಮಿಷಕ್ಕೆ ಸುಸ್ತಾಯಿತು. ಮೊದಲ ಡಬ್ಬ ಸೋರಿತು. ತಪ್ಪು ನನ್ನದೇ. ಎಪಾಕ್ಸಿಯ ಎರಡು ಉಂಡೆ ಸರಿಯಾಗಿ ನಾದಿರಲಿಲ್ಲ, ಬಣ್ಣ ಇನ್ನೂ ಎರಡಾಗಿಯೇ ಕಾಣುತ್ತಿತ್ತು. ಎರಡನೇ ಸಲ ನಾದಲು ಕೂಸಿಗೆ ಕೊಟ್ಟೆ. "ಕೈ ಬೆಚ್ಚಗಾಗ್ತಿದೆ ಮಾವ!" ಅಂದಳು. ಹೌದು. ಬರೀ ಕಲಸುವುದು ಮುಗಿದು ಒಳಗೆ ಬೇರೇನೋ ನಡೆಯುತ್ತಿದೆ ಅನ್ನುವುದಕ್ಕೆ ಆ ಬಿಸಿಯೇ ಸುಳಿವು. ಮರುದಿನ ಆ ಕಲ್ಲಿನಂಥ ಉಂಡೆಯಿಂದ ಹಳೆಯ ಎರಡು ಉಂಡೆಗಳನ್ನು ವಾಪಸ್ ತೆಗೆಯಲು ನೋಡಿ, ಆಗುವುದಿಲ್ಲ.

ಈಗ ಓಡಿಸಿದ ಕಥೆ. ಮೊದಲು ಚಪಲಕ್ಕೆ ಸಮುದ್ರದ ನೀರನ್ನೇ ಹಾಕಿದೆ, ಕಬ್ಬಿಣದ ಸ್ಕ್ರೂ ಇತ್ತು. ಮೈನಸ್ ಕಡೆ ಗುಳ್ಳೆಗಳ ಸಾಲು. ಪ್ಲಸ್ ಕಡೆ ಗುಳ್ಳೆ ಹೆಸರಿಗೆ ಮಾತ್ರ, ಬದಲಿಗೆ ಹಸಿರು ಗಸಿ ಇಳಿಯಿತು, ಆಮೇಲೆ ಕಂದಾಯಿತು. ಸ್ಕ್ರೂ ಕರಗುತ್ತಿತ್ತು. ಸರಿ ಅಂತ ರಿಮೋಟಿನ ಹಳೆಯ ಪೆನ್ಸಿಲ್ ಸೆಲ್ ಒಡೆದು ಕಾರ್ಬನ್ ಕಡ್ಡಿ ತೆಗೆದೆ. ಕೈಯೆಲ್ಲ ಕಪ್ಪು ಮಸಿ. ಅದನ್ನು ಕೂರಿಸಿ ಮತ್ತೆ ಸಮುದ್ರದ ನೀರು. ಈ ಸಲ ಪ್ಲಸ್ ಕಡೆ ಗುಳ್ಳೆ ಬಂತು, ಜೊತೆಗೆ ಮೂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ. ತಕ್ಷಣ ಪ್ಲಗ್ ಕಿತ್ತು ಡಬ್ಬವನ್ನು ಅಂಗಳಕ್ಕೆ ಒಯ್ದೆ. ಅದು ಕ್ಲೋರಿನ್. ಉಪ್ಪಿನೊಳಗೆ ಇದ್ದದ್ದು. ನಾವು ದಿನಾ ತಿನ್ನುವ ಉಪ್ಪಿನಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಸುಮಾರು 61 ಪಾಲು ಈ ಉಸಿರುಗಟ್ಟಿಸುವ ಗ್ಯಾಸು, ಉಳಿದ 39 ಪಾಲು ನೀರಿಗೆ ತಾಗಿದರೆ ಸಿಡಿಯುವ ಸೋಡಿಯಂ ಲೋಹ. ಎರಡರ ಸ್ವಭಾವವೂ ಉಪ್ಪಿನಲ್ಲಿ ಇಲ್ಲ. ನಮ್ಮ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಮೂಲ ಕೆಲಸವೂ ಉಪ್ಪುನೀರಿಗೆ ಕರೆಂಟ್ ಕೊಟ್ಟು ಕಾಸ್ಟಿಕ್ ಸೋಡಾ, ಕ್ಲೋರಿನ್, ಜಲಜನಕ ತೆಗೆಯುವುದೇ. ಅದು ಐಸ್‌ಕ್ರೀಂ ಡಬ್ಬದಲ್ಲಿ, ಮನೆಯೊಳಗೆ ಮಾಡುವ ಕೆಲಸ ಅಲ್ಲವೇ ಅಲ್ಲ. ಇನ್ನೊಂದು ಮಾತು. ಉಪ್ಪುನೀರಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಬೇಡಿ. ಅದರಲ್ಲಿರುವ ಕ್ರೋಮಿಯಂ ನೀರಿಗೆ ಇಳಿಯುತ್ತದೆ, ಅದು ವಿಷ.

ಆಮೇಲೆ ಬಟ್ಟಿ ಇಳಿಸಿದ ನೀರು ಹಾಕಿದೆ. ಏನೂ ಆಗಲಿಲ್ಲ. ಮಲ್ಟಿಮೀಟರ್ ಸೊನ್ನೆಯ ಹತ್ತಿರ ಸುಮ್ನೆ ಕೂತಿತ್ತು. ಬರೀ ನೀರಿನಲ್ಲಿ ಕರೆಂಟ್ ಹರಿಯುವುದು ಲೆಕ್ಕಕ್ಕಿಲ್ಲ. ಒಂದು ಚಮಚ ಬಟ್ಟೆ ಸೋಡಾ ಬೆರೆಸಿದ ಮೇಲೆ ಎರಡೂ ಕಡೆ ಗುಳ್ಳೆ ಎದ್ದಿತು. ಸೋಡಾ ದಾರಿ ಮಾಡಿಕೊಡುತ್ತದೆ ಅಷ್ಟೇ, ಖರ್ಚಾಗುವುದು ನೀರು. ಆದರೆ ಕಾರ್ಬನ್ ಕಡ್ಡಿ ಇದ್ದಿದ್ದರಿಂದ ಮೈನಸ್ ಕಡೆ 10 ಮಿಲಿ ಆದಾಗ ಪ್ಲಸ್ ಕಡೆ 3 ಕೂಡ ಇರಲಿಲ್ಲ, ನೀರು ಕಪ್ಪಾಯಿತು. ಹುಟ್ಟಿದ ಆಮ್ಲಜನಕ ಅಲ್ಲೇ ಕಡ್ಡಿಯನ್ನು ತಿನ್ನುತ್ತಿತ್ತು. ಮೂರನೇ ಐಸ್‌ಕ್ರೀಂ ಡಬ್ಬ ಖಾಲಿ ಮಾಡಲು ಕೂಸಿಗೆ ಬೇಜಾರೇನೂ ಆಗಲಿಲ್ಲ.

ಮೂರನೇ ಡಬ್ಬಕ್ಕೆ ಸ್ಟೇನ್‌ಲೆಸ್ ಸ್ಕ್ರೂ. ಸೋಡಾ ನೀರಿನಲ್ಲಿ ಅದು ಚೆನ್ನಾಗಿ ತಡೆಯುತ್ತದೆ. ಸ್ಕ್ರೂವಿನ ಬುಡಕ್ಕೆ ವೈಂಡಿಂಗಿಗೆ ಹಾಕುವ ಸ್ಲೀವ್ ತೊಡಿಸಿದೆ. ಇಲ್ಲದಿದ್ದರೆ ಸಿರಿಂಜಿನ ಬಾಯಿಂದ ಹೊರಗೆ ಉಳಿದ ಭಾಗದಿಂದಲೂ ಗುಳ್ಳೆ ಎದ್ದು ಲೆಕ್ಕ ತಪ್ಪುತ್ತದೆ. ಅ ಬಾಟಲಿಯ ನೀರು, ಒಂದು ಚಮಚ ಸೋಡಾ, ಪ್ಲಗ್ ಹಾಕಿದೆವು. ಐದಾರು ನಿಮಿಷಕ್ಕೆ ಮೈನಸ್ ಕಡೆ 10. ಪ್ಲಸ್ ಕಡೆ 4.4. ಅದೇ ನೀರಿನಲ್ಲಿ ಮತ್ತೆ ಓಡಿಸಿದಾಗ 4.8. ಮೊದಲ ಸಲ ಒಂದಷ್ಟು ಆಮ್ಲಜನಕ ನೀರಿನಲ್ಲೇ ಕರಗಿರಬೇಕು. ಅದಾದ ಮೇಲೆ ಪ್ರತಿ ನೀರನ್ನೂ ಎರಡು ಸಲ ಓಡಿಸಿ ಎರಡನೆಯದನ್ನೇ ಬರೆದುಕೊಂಡೆವು. 'ಆ' ಬಾಟಲಿ 10ಕ್ಕೆ 4.9. ಇ ಬಾಟಲಿ 10ಕ್ಕೆ 4.8.

ಕೂಸು ನೋಟ್‌ಬುಕ್ ತಿರುಗಿಸಿ ತೋರಿಸಿದಳು. ಒಂದು ಸಾಲಿನಲ್ಲಿ 36, 33, 21. ಪಕ್ಕದಲ್ಲಿ 4.8, 4.9, 4.8. "ಇದು ಹಠಮಾರಿ ಮಾವ. ಎಲ್ಲಿಂದ ತಂದ್ರೂ ಅರ್ಧಾನೇ." ಗ್ಯಾಸಿನ ಅಳತೆಯಲ್ಲಿ ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕ. ತೂಕದಲ್ಲಿ 1ಕ್ಕೆ 8. ಕೂರ್ಮಗಡದ ನೀರಾಗಲಿ, ಬಾವಿಯ ನೀರಾಗಲಿ, ಈ ಲೆಕ್ಕದಲ್ಲಿ ಕೊಂಚವೂ ಚೌಕಾಸಿ ಇಲ್ಲ. ಮಿಶ್ರಣಕ್ಕೂ ಸಂಯುಕ್ತಕ್ಕೂ ವ್ಯತ್ಯಾಸ ಅದೇ.

ಗ್ಯಾಸು ಯಾವುದು ಅಂತ ನೋಡಲೇಬೇಕಲ್ಲ. ಕನ್ನಡಕ ಹಾಕಿಸಿ, ಜಲಜನಕದ ಸಿರಿಂಜನ್ನು ಬಾಯಿ ಕೆಳಗೆ ಮಾಡಿಯೇ ಎತ್ತಿ ಬೆಂಕಿಕಡ್ಡಿ ಹತ್ತಿರ ತಂದೆ. ಟುಪ್ ಅಂತ ಸದ್ದು, ಸಿರಿಂಜಿನ ಒಳಗೆ ಮಂಜಿನಂಥ ತೇವ. ಒಡೆದ ನೀರು ಮತ್ತೆ ನೀರಾಗಿತ್ತು. ಆಮ್ಲಜನಕಕ್ಕೆ ಊದುಬತ್ತಿ. ಜ್ವಾಲೆ ಆರಿಸಿ ಬರೀ ಕೆಂಡ ಉಳಿದ ತುದಿಯನ್ನು ಸಿರಿಂಜಿನೊಳಗೆ ತೂರಿಸಿದಾಗ ಕೆಂಡ ಬೆಳ್ಳಗಾಗಿ ಭಗ್ ಅಂತ ಹತ್ತಿಕೊಂಡಿತು. ನಾಲ್ಕು ಸಲ ಮಾಡಿಸಿದಳು. 10 ಮಿಲಿ ಜಲಜನಕಕ್ಕೆ ಖರ್ಚಾದ ನೀರು ಎಷ್ಟು ಅಂತ ಆಮೇಲೆ ಲೆಕ್ಕ ಹಾಕಿದೆ. ಸುಮಾರು 7 ಮಿಲಿಗ್ರಾಂ. ಒಂದು ಹನಿಯ ಏಳನೇ ಒಂದು ಪಾಲು.

"ಇನ್ನು ಈ ಜಲಜನಕವನ್ನು ಒಡೀಬಹುದಾ?" ನನ್ನ ಅಡಾಪ್ಟರಿಗಂತೂ ಆಗುವುದಿಲ್ಲ. ಅಂಗಡಿಯ ತಾಮ್ರದ ತಂತಿಯನ್ನೂ ಅಷ್ಟೇ. ಕತ್ತರಿಸಿ, ಕರಗಿಸಿ, ಸುಟ್ಟು ಕಪ್ಪು ಮಾಡಿ, ತಾಮ್ರದೊಳಗಿಂದ ಬೇರೆ ಏನೂ ಹೊರಗೆ ಬರುವುದಿಲ್ಲ. ಅದೇ ಧಾತು. ಆದರೆ ಈ ತೀರ್ಮಾನ ನಮ್ಮ ಕೈಯಲ್ಲಿರುವ ಸಾಮಾನಿನ ಮೇಲೂ ನಿಂತಿರುತ್ತದೆ. ಫ್ರಾನ್ಸಿನ ಲವಾಸಿಯೇ 1789ರಲ್ಲಿ 33 ಮೂಲವಸ್ತುಗಳ ಪಟ್ಟಿ ಮಾಡಿದ. ಅದರಲ್ಲಿ ಸುಟ್ಟ ಸುಣ್ಣವೂ ಇತ್ತು, ಯಾಕೆಂದರೆ ಅವನ ಕಾಲದ ಯಾವ ಬೆಂಕಿಗೂ ಅದು ಒಡೆಯಲಿಲ್ಲ. 1808ರಲ್ಲಿ ಹಂಫ್ರಿ ಡೇವಿ ದೊಡ್ಡ ಬ್ಯಾಟರಿ ಹಿಡಿದು ಸುಣ್ಣದಿಂದ ಕ್ಯಾಲ್ಸಿಯಂ ತೆಗೆದ. ಸುಣ್ಣ ಪಟ್ಟಿಯಿಂದ ಬಿತ್ತು. ಈಗಿನ ಪಟ್ಟಿಯಲ್ಲಿ 118 ಇವೆ.

ಅಯಸ್ಕಾಂತದ ಆಟವೂ ಆಯಿತು, ಕೂಸಿನ ಶಾಲೆಯ ಪ್ರದರ್ಶನಕ್ಕೆ ಸುಲಭ ಅಂತ. ಲೇಥಿನ ಕಬ್ಬಿಣದ ಪುಡಿ ಮರಳಿಗೆ ಬೆರೆಸಿ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಆಡಿಸಿದೆವು. ಕೊಟ್ಟೆ ಇಲ್ಲದಿದ್ದರೆ ಪುಡಿ ಬಿಡಿಸಲು ಸಾಯಬೇಕು. ಪಂಪಿನ ತುಕ್ಕಿನ ಪುಡಿ ಮಾತ್ರ ಹೆಚ್ಚುಕಡಿಮೆ ಅಲುಗಲಿಲ್ಲ. ಅದರಲ್ಲೂ ಕಬ್ಬಿಣ ಇದೆ, ಆದರೆ ಆಮ್ಲಜನಕ, ನೀರು ಸೇರಿ ಬೇರೆಯೇ ವಸ್ತು ಆಗಿದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಕೂಸು ಏನೂ ಬೆರೆಸದ ಬೀಚಿನ ಮರಳಿನ ಮೇಲೆ ಅಯಸ್ಕಾಂತ ಆಡಿಸಿದಳು. ಒಂದಿಷ್ಟು ಕಪ್ಪು ಕಣ ಅಂಟಿಕೊಂಡಿತು. ಅದು ಮ್ಯಾಗ್ನೆಟೈಟ್. ಅದೂ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತವೇ! ನನ್ನ ವಿವರಣೆ ಅರ್ಧಕ್ಕೆ ನಿಂತಿತು. ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಶುದ್ಧ ಕಬ್ಬಿಣ ಅಂದುಕೊಳ್ಳಬಾರದು ಅಂತ ಕೆಂಪು ಪೆನ್ನಿನಲ್ಲಿ ಬರೆದಳು.

ಮೇ ಕೊನೆಗೆ ಭಾವ ಕರೆದುಕೊಂಡು ಹೋಗಲು ಬಂದರು. ಅಡಿಕೆ ತೋಟದವರು. ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಾವು ಕೊಳೆಗೆ ಹೊಡೆಯೋ ಬೋರ್ಡೋ ಮಿಶ್ರಣ? ಹೆಸರಲ್ಲೇ ಮಿಶ್ರಣ ಇದೆಯಲ್ಲ" ಅಂದರು. ಒಳ್ಳೆ ಪ್ರಶ್ನೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಎರಡೂ ಕೂಡಿದಾಗ ಆಕಾಶನೀಲಿ ಬಣ್ಣದ ಹೊಸ ತಾಮ್ರದ ಸಂಯುಕ್ತ ಹುಟ್ಟುತ್ತದೆ. ಅದು ನೀರಿನಲ್ಲಿ ತೇಲಿಕೊಂಡಿರುತ್ತದೆ, ಹಾಗಾಗಿ ಹೆಸರು ಅರ್ಧ ಸರಿ. ಸುಣ್ಣ ಸಾಕಾಯ್ತಾ ಅಂತ ನೋಡಲು ಚಾಕು ಅದ್ದುತ್ತೀರಲ್ಲ ಅಂದೆ. ಸುಣ್ಣ ಕಡಿಮೆ ಇದ್ದರೆ ಚಾಕಿಗೆ ಕೆಂಪು ಬಣ್ಣ ಹತ್ತುತ್ತದೆ, ಅದು ಬರೀ ತಾಮ್ರ. ಚಾಕಿನ ಕಬ್ಬಿಣ ಕರಗಿ ತಾನು ನೀರಿಗೆ ಇಳಿದು ತಾಮ್ರವನ್ನು ಹೊರಗೆ ತಳ್ಳಿರುತ್ತದೆ. "ಇಷ್ಟು ವರ್ಷ ಅದ್ದಿದ್ದೇನೆ, ತುಕ್ಕು ಅಂದ್ಕೊಂಡಿದ್ದೆ" ಅಂದರು ಭಾವ.

ಡಬ್ಬ, ಅಡಾಪ್ಟರ್, ಸಿರಿಂಜ್ ಎಲ್ಲ ಬಸ್ಸಿನಲ್ಲಿ ಶಿರಸಿಗೆ ಹೋದವು. ನನ್ನ ಬಳಿ ಸೋರುವ ಮೊದಲ ಡಬ್ಬ ಉಳಿಯಿತು. ಜುಲೈಯಲ್ಲಿ ಕೂಸು ಫೋನ್ ಮಾಡಿದಳು. ಪ್ರದರ್ಶನಕ್ಕೆ ಇನ್ನೊಂದು ಅಂಕಿ ಬೇಕಂತೆ, ಇ ಬಾಟಲಿಯ ಜಾಗದ್ದೇ, ಮಳೆಗಾಲದ್ದು. ಯಾಂತ್ರಿಕ ದೋಣಿಗಳಿಗೆ ಮಳೆಗಾಲದ ಎರಡು ತಿಂಗಳು ರಜೆ, ಆದರೆ ಅಳಿವೆಗೆ ದೋಣಿ ಬೇಕಿಲ್ಲವಲ್ಲ. ಕೊಡೆ ಹಿಡಿದು ಕೋಡಿಬಾಗಕ್ಕೆ ಹೋಗಿ ಇಳಿತದಲ್ಲೇ ತುಂಬಿಕೊಂಡು ಬಂದೆ. ನೀರು ಕೆಂಪಗೆ, ಚಹಾದ ಹಾಗೆ. ಸೋಸುವ ಬಟ್ಟೆ ಎರಡು ಸಲ ತೊಳೆಯಬೇಕಾಯಿತು. ಬಿಸಿಲಿಲ್ಲ, ಎಲ್ಲ ಒಲೆಯ ಮೇಲೆಯೇ.

ಲೀಟರಿಗೆ 3 ಗ್ರಾಂ ಬಂತು. ಮೇಯಲ್ಲಿ ಅದೇ ಜಾಗದಲ್ಲಿ 21 ಇತ್ತು. ಬಟ್ಟಿ ಇಳಿಸಿದ ನೀರನ್ನು ಹಳೆಯ ಡಬ್ಬಕ್ಕೆ ಹಾಕಿ, ಅದರ ಕಬ್ಬಿಣದ ಸ್ಕ್ರೂ ಕಿತ್ತು ಸ್ಟೇನ್‌ಲೆಸ್ ಹಾಕಿ, ಕೆಳಗೆ ತಟ್ಟೆ ಇಟ್ಟು ಸೋರಿಕೆ ಹಿಡಿದುಕೊಂಡು ಓಡಿಸಿದೆ. 10ಕ್ಕೆ 4.8. ಫೋನಿನಲ್ಲಿ ಹೇಳಿದೆ. "ಗೊತ್ತಿತ್ತು, ಆಗಲೇ ಬರೆದಿಟ್ಟಿದ್ದೆ" ಅಂದಳು.

ಬಾಣಲೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಎಣ್ಣೆ ಸವರಿ ಕಾಸಿ ಕೊಟ್ಟಿದ್ದೇನೆ. ಆ ಕಂದು ಉಪ್ಪನ್ನು ಆಯಿ ತೆಂಗಿನ ಬುಡಕ್ಕೆ ಸುರಿದರು.